ಪಾಗಾದ ಕಿಟಕಿ

ಥೂ, ಮತ್ತೆ ಅದೇ ನಾತ, ನಿನ್ನೆ ಸಂಜೆ ನಾಲ್ಕು ಹನಿ ಮಳೆ ಬಿದ್ದಿತೋ ಇಲ್ಲವೋ ನೆಲದ ಕಲ್ಲಿನ ಸಂದಿಯಿಂದ ಕುದುರೆಯ ಉಚ್ಚೆ ಎದ್ದು ಬಂದಿದೆ, ಕುದುರೆಗಳು ಸತ್ತು ನಲವತ್ತು ವರ್ಷವಾಗಿರಬೇಕು, ಅವುಗಳ ಉಚ್ಚೆಗೆ ಮಾತ್ರ ಸಾವಿಲ್ಲ — ಹೊಳೆಪ್ಪ ಧೋತರದ ಚುಂಗನ್ನು ಮೂಗಿಗೆ ಒತ್ತಿಕೊಂಡು ಕಚೇರಿಯ ಹೊಸ್ತಿಲು ದಾಟಿದ, ಹತ್ತೊಂಬತ್ತು ವರ್ಷದಿಂದ ದಾಟುತ್ತಿದ್ದಾನೆ, ಮೊದಲ ಉಸಿರಿಗೆ ಮೂಗು ಉರಿಯುತ್ತದೆ, ಹತ್ತನೆಯ ಉಸಿರಿಗೆ ರೂಢಿಯಾಗಿಬಿಡುತ್ತದೆ, ಆ ರೂಢಿಯಾಗುವುದೇ ಅವನಿಗೆ ನಾತಕ್ಕಿಂತ ಹೇಸಿಗೆ. ಹಳೇ ದೇಸಾಯರ ಕುದುರೆಲಾಯ ಇದು, ಊರವರ ಬಾಯಲ್ಲಿ ಇನ್ನೂ ಪಾಗಾ, ಜಹಗೀರಿನ ಕಾಗದಪತ್ರ ಹೆಚ್ಚಾದಾಗ ಕುದುರೆಗಳನ್ನು ಬಿಚ್ಚಿ ಕಾರಕೂನರನ್ನು ತಂದು ಕಟ್ಟಿದರು ಅಂತ ಜೊತೆಯ ಕಾರಕೂನ ಕೆಂಚಪ್ಪ ನಗುತ್ತಿದ್ದ, ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಹಾಗೇ ಇವೆ, ಇವರು ಅವಕ್ಕೆ ಛತ್ರಿ ತೂಗುಹಾಕುತ್ತಾರೆ, ತೊಲೆಯಲ್ಲಿ ಬಾವಲಿ, ಕೆಳಗೆ ಅವುಗಳ ಹಿಕ್ಕೆ, ಬಾಗಿಲ ಮೂಲೆಯಲ್ಲಿ ಎಲೆಯಡಿಕೆಯ ಉಗುಳು ಒಣಗಿ ಅದರ ಮೇಲೆ ಹಸಿ ಉಗುಳು, ಹನ್ನೊಂದು ಮಂದಿಯ ಬೆವರು, ಹನ್ನೊಂದು ಮಂದಿಗೆ ಒಂದೇ ಬಾಗಿಲು. ಮೇಲೆ ಮಾಡಿಯಲ್ಲಿ ಜಹಗೀರು ನೋಡಿಕೊಳ್ಳುವ ಕಾರಭಾರಿಗಳು ಒಬ್ಬರೇ, ಒಬ್ಬರಿಗೆ ಆರು ಕಿಟಕಿ, ಹಗ್ಗದ ಪಂಖಾ, ಬೇಸಿಗೆ ಬಂದರೆ ನೀರು ಚಿಮುಕಿಸಿದ ಲಾವಂಚದ ತಟ್ಟಿ, ಹನ್ನೆರಡು ಮೆಟ್ಟಿಲು ಹತ್ತಿದರೆ ಸಾಕು ಗಾಳಿ ಬೇರೆ, ಬೆಳಕು ಬೇರೆ, ಮನುಷ್ಯನ ದನಿ ಸಹ ಬೇರೆ. ಕೆಳಗಿನವರೆಲ್ಲ ಕಿರುಚಿ ಮಾತಾಡುತ್ತಾರೆ, ಕೆರೆದುಕೊಳ್ಳುತ್ತಾರೆ, ಬಂದ ರೈತನ ಮೇಲೆ ಹಾಯುತ್ತಾರೆ, ಮನೆಗೆ ಹೋಗಿ ಹೆಂಡತಿಯ ಮೇಲೆ ಹಾಯುತ್ತಾರೆ. ಹೆಂಡತಿ ಕಾಶೆವ್ವ ಒಮ್ಮೆ ಅಂದಿದ್ದಳು, ನೀವು ಐತವಾರ ಒಂದ ದಿವಸ ಮನಶಾರಾಗತೀರಿ ನೋಡ್ರಿ, ಸೋಮವಾರ ಮತ್ತ ಅದ ಮಾರಿ. ಅವಳ ಮೇಲೂ ಹಾಯ್ದಿದ್ದ.

ಇವತ್ತು ತಪಾಸಣೆ, ಬೆಳಗಾವಿಯಿಂದ ಸಾಹೇಬರು ಬರುತ್ತಾರೆ, ರೈಲಿನಲ್ಲಿ ಘಟಪ್ರಭೆಗೆ, ಅಲ್ಲಿಂದ ಮೋಟಾರು, ಪಟ್ಟೇವಾಲಾ ಜಾಫರಸಾಬ ಕಸಬರಿಗೆಯಿಂದ ಉಗುಳಿನ ಮೂಲೆಯನ್ನು ತಿಕ್ಕುತ್ತ ತನ್ನಷ್ಟಕ್ಕೆ ಬೈಯುತ್ತಿದ್ದಾನೆ — ಮತ್ತೆ ಇವತ್ತೇ ಯಲ್ಲಪ್ಪನ ಮೊದಲ ದಿನ, ಅಕ್ಕ ಬಾಳವ್ವನ ಒಬ್ಬನೇ ಮಗ, ಇಪ್ಪತ್ತಮೂರರ ವಯಸ್ಸು, ಮುಲ್ಕಿ ಪರೀಕ್ಷೆ ಪಾಸಾದವನು, ಅಗೋ ಬಾಗಿಲಲ್ಲಿ ನಿಂತಿದ್ದಾನೆ, ಇಸ್ತ್ರಿ ಮಾಡಿದ ಕರಿ ಟೊಪ್ಪಿಗೆ, ಹೊಸ ಕೋಟು, ಎದೆ ಎಷ್ಟು ಅಗಲ ಇವನದು, ಗರಡಿಯಲ್ಲಿ ಮಣ್ಣು ಹೊತ್ತ ಎದೆ. ಮಾಮಾ, ನಾ ಎಲ್ಲಿ ಕೂಡಲ್ರಿ? ಕೂಡುವ ಜಾಗ ಒಂದೇ ಖಾಲಿ ಇದೆ, ಪಶ್ಚಿಮದ ಗೋಡೆಗೆ, ಕೆಂಚಪ್ಪನದು, ಶ್ರಾವಣದಿಂದ ಖಾಲಿ, ಅಲ್ಲಿ ಯಾರೂ ಕೂಡಲಿಲ್ಲ, ಕಾಗದದ ಕಟ್ಟುಗಳನ್ನು ಒಟ್ಟಿ ಜಾಗ ಮುಚ್ಚಿದ್ದಾರೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು, ಕಚೇರಿಯಲ್ಲಿ ಅವಕ್ಕೆ ರುಮಾಲು ಅಂತ ಹೆಸರು, ಆಳೆತ್ತರ ರುಮಾಲು. ಕಾರಭಾರಿಗಳ ಕಾಲು ಹಿಡಿದು ಈ ಜಾಗವನ್ನು ಬೇಡಿ ಪಡೆದವನು ಹೊಳೆಪ್ಪನೇ. ಅಕ್ಕ ಬಂದು ಅಂದಳಲ್ಲ, ಹೊಳ್ಯಾ, ನಿನ್ನ ಉಡಿಯಾಗ ಹಾಕೇನಿ ನೋಡಪಾ, ಅವರಪ್ಪ ಬಿಸಲಾಗ ದುಡದು ದುಡದು ಹ್ವಾದ, ಇವನರೆ ನೆರಳಾಗ ಕುಂತು ಉಣ್ಣಲಿ. ನೆರಳು! ನಮ್ಮವ್ವಾ, ಎಂಥ ನೆರಳು, ನಡು ಮಧ್ಯಾಹ್ನ ಕಂದೀಲು ಹಚ್ಚುವ ನೆರಳು. ನಿಂದರು, ಸಾಹೇಬ್ರು ಬಂದ ಹೋಗಲಿ, ಆಮ್ಯಾಲ ಕೂಡುಯಂತ, ಅಂದ.

ಕಿಟಕಿ ಇತ್ತು ಅಲ್ಲಿ. ಆಳೆತ್ತರದ ಕಿಟಕಿ, ದಪ್ಪ ಸರಳು, ಆಚೆ ಬೇವಿನ ಗಿಡ, ಗಿಡದ ಬುಡದಲ್ಲಿ ಅರ್ಜಿಯವರು, ಮಧ್ಯಾಹ್ನ ಮೂರರ ಬಿಸಿಲು ಒಳಗೆ ಬಂದು ಕೆಂಚಪ್ಪನ ಡೆಸ್ಕಿನ ಮೇಲೆ ಸರಳಿನ ನೆರಳು ಬೀಳುತ್ತಿತ್ತು, ಬೇವು ಹೂ ಬಿಟ್ಟಾಗ ಪಾಗಾ ಎಂಬುದೇ ಮರೆತುಹೋಗುತ್ತಿತ್ತು. ಆದರೆ ಅರ್ಜಿಯವರು! ಸರಳು ಹಿಡಿದು ಜೋತುಬೀಳುವರು, ರಾವಸಾಹೇಬ್ರ, ನಮ್ಮ ಕಾಗದ ಏನಾತರೀ, ರಾವಸಾಹೇಬ್ರ, ಒಂದ ಈಟ ಕಣ್ಣ ಹಾಕ್ರೀ, ತಂಬಾಕಿನ ಬಾಯಿ, ಹುಣ್ಣಿನ ತುಟಿ, ಸರಳಿನ ನಡುವೆ ತೂರಿದ ಮೂಗು, ಇಡೀ ದಿನ. ಮೂಡಲಗಿಯ ಕಡೆಯವಳು ಕಾಡವ್ವ ಅಂತ ಒಬ್ಬಳು, ಮೂರು ತಿಂಗಳು ಬಂದಳು, ನಡೆದೇ ಬಂದಳು, ಗಂಡನ ಹೊಲದ ಕಾಗದ ಬೇಕಿತ್ತು, ಅದು ಇದ್ದದ್ದು ಹೊಳೆಪ್ಪನ ಬೆನ್ನ ಹಿಂದಿನ ರುಮಾಲಿನಲ್ಲೇ, ಅವನು ಎದ್ದು ತೆಗೆಯಲಿಲ್ಲ, ನಾಳೆ ಅಂದ, ನಾಡಿದ್ದು ಅಂದ, ಅವಳು ಬಯ್ಯಲಿಲ್ಲ, ಅಳಲಿಲ್ಲ, ಸರಳಿಗೆ ಹಣೆ ಒತ್ತಿ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು, ಆ ನೋಟ ಅವನ ಕತ್ತಿನ ಮೇಲೆ ನೊಣ ಕೂತಂತೆ ಕೂತುಬಿಟ್ಟಿತ್ತು. ಒಂದು ದಿನ ಸೆಕೆ ತಡೆಯಲಾರದೆ, ನೋಟ ತಡೆಯಲಾರದೆ, ಹೇಸಿಕೊಂಡು, ಕಾಗದ ಎಳೆದುಕೊಂಡು ಬರೆದ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದ, ಪಶ್ಚಿಮದ ಕಿಟಕಿಯಿಂದ ಮಳೆಯ ನೀರು ಒಳಬಂದು ರುಮಾಲುಗಳು ಕೊಳೆಯುತ್ತಿವೆ, ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿಸುವ ಹುಕುಮ್ ಆಗಬೇಕು. ಹಸೀ ಸುಳ್ಳು. ನೀರು ಬರುತ್ತಿದ್ದದ್ದು ಹಂಚಿನಿಂದ, ಇವತ್ತಿಗೂ ಹಂಚಿನಿಂದಲೇ ಬರುತ್ತದೆ, ಹಂಚು ತಿರುವಿಸಬೇಕೆಂದು ಒಂಬತ್ತು ಸಲ ಬರೆದರೂ ಮೇಲಿನಿಂದ ಮಿಸುಕಾಟವಿಲ್ಲ, ಕಿಟಕಿ ಮುಚ್ಚುವ ಹುಕುಮ್ ಮಾತ್ರ ಹದಿನೈದು ದಿನದಲ್ಲಿ ಬಂತು. ಮುಚ್ಚುವುದಾದರೆ ಎಷ್ಟು ಚುರುಕು ಇವರಿಗೆ. ಗವಂಡಿ ಬಂದು ಇಟ್ಟಿಗೆ ಇಡುವಾಗ ಕಾಡವ್ವ ಆಚೆ ನಿಂತೇ ಇದ್ದಳು, ಮೊದಲು ಅವಳ ಸೀರೆ ಮರೆಯಾಯಿತು, ಆಮೇಲೆ ಗದ್ದ, ಆಮೇಲೆ ಕಣ್ಣು, ಹೊಳೆಪ್ಪ ಆ ರಾತ್ರಿ ಹೊಟ್ಟೆ ತುಂಬ ಉಂಡಿದ್ದ.

ಬಿಸಿಲಿನ ಬೆಲೆ ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಸಣ್ಣವನಿದ್ದಾಗ ಪ್ಲೇಗು ಬಂದಿತ್ತು, ಸರ್ಕಾರದ ಮಂದಿ ಮನೆಮನೆಯ ಹಂಚು ತೆಗೆದು ಬಿಸಿಲು ಒಳಗೆ ಬಿಟ್ಟಿದ್ದರು, ಹಜಾರದ ನಡುವೆ ಬಿಸಿಲಿನ ಒಂದು ದೊಡ್ಡ ಚೌಕ ಬಿದ್ದಿತ್ತು, ಅಕ್ಕ ಬಾಳವ್ವ ಅವನನ್ನು ಅದರಲ್ಲಿ ಕೂಡಿಸಿ, ಏಳಬ್ಯಾಡ, ಇದರಾಗ ಕುಂತವರಿಗೆ ಬ್ಯಾನಿ ಬರೂದಿಲ್ಲಂತ, ಅಂದಿದ್ದಳು, ತಾನು ಹೊರಗೆ ನೆರಳಲ್ಲಿ ನಿಂತಿದ್ದಳು, ಇಬ್ಬರಿಗೆ ಜಾಗವಿತ್ತು, ಆದರೂ. ಆ ಅಕ್ಕನ ಮಗನನ್ನು ಇಲ್ಲಿ — ಛೀ. ಕೆಂಚಪ್ಪನ ಕೆಮ್ಮು ಕಿಟಕಿ ಮುಚ್ಚಿದ ನಾಲ್ಕನೆಯ ವರ್ಷಕ್ಕೆ ಸುರುವಾಯಿತು, ಮೊದಲು ಧೂಳಿನದು ಅಂದರು, ಆಮೇಲೆ ಸುಣ್ಣದ್ದು, ಆಮೇಲೆ ತಮ್ಮ ತಮ್ಮ ಡೆಸ್ಕು ದೂರ ಸರಿಸಿಕೊಂಡರು ಅಷ್ಟೇ. ಬೂದಿ ಹಾಕಿದ ತಗಡಿನ ಡಬ್ಬಿಯಲ್ಲಿ ಉಗುಳಿ ಮುಚ್ಚಳ ಹಾಕುತ್ತಿದ್ದ, ಮರ್ಯಾದಸ್ಥ, ನಿಡಸೋಸಿಯ ಮಠದಲ್ಲಿ ಉಂಡು ಓದಿದವನು. ಒಂದು ದಿನ ಹತ್ತಿರ ಕರೆದು, ಹೊಳೆಪ್ಪಾ, ಈ ಕಿಡಕಿ ತೆಗಸೂನೇನೋ, ನೀನ ಒಂದ ಅರ್ಜಿ ಬರಿ, ನಿನ್ನ ಅಕ್ಷರ ಛಂದ ಅದಾವು. ಮುಚ್ಚಿಸಿದವನು ಯಾರೆಂದು ಅವನಿಗೆ ಗೊತ್ತಿತ್ತೋ? ಗೊತ್ತಿದ್ದೇ ಅಂದನೋ? ನೋಡೂಣು ತಗೊ ಮಾರಾಯಾ, ಅಂದಿದ್ದ ಹೊಳೆಪ್ಪ. ನೋಡೋಣ ಅಂದು ಏಳು ವರ್ಷ ನೋಡಿದ. ಶ್ರಾವಣದಲ್ಲಿ ಕೆಂಚಪ್ಪನಿಗೆ ಮಣ್ಣು ಕೊಟ್ಟು ಬಂದಾಗ ಅವನ ಹೆಂಡತಿ ಪಾರವ್ವ ಒಂದು ಮಾತು ಕೇಳಿದಳು, ಅಲ್ರೀ ಕಾಕಾ, ಅಲ್ಲಿ ಗಾಳಿ ಇರಲಿಲ್ಲೇನ್ರಿ?

ಮೋಟಾರು ಬಂತು. ಸಾಹೇಬರು ವಯಸ್ಸಾದವರಲ್ಲ, ವಿಜಾಪುರದ ಕಡೆಯವರು, ಬಾಗಿಲಲ್ಲೇ ಕರವಸ್ತ್ರ ಮೂಗಿಗೆ ಹೋಯಿತು, ಹೋಗಲಿ, ಪುಣ್ಯವಂತ, ಇವನಿಗಿನ್ನೂ ನಾತ ಹತ್ತುತ್ತದೆ. ನಡೆಯುತ್ತ ನಡೆಯುತ್ತ ಪಶ್ಚಿಮದ ಗೋಡೆಯ ಎದುರು ನಿಂತರು, ರುಮಾಲಿನ ರಾಶಿಯ ಮೇಲೆ ಕಲ್ಲಿನ ಕಮಾನು ಇಣುಕುತ್ತಿತ್ತು, ಇದು ಕಿಡಕಿ ಇತ್ತೇನ್ರಿ? ಹೌದ್ರಿ ಅಂದರು ಕಾರಭಾರಿಗಳು. ಯಾಕ ಮುಚ್ಚೀರಿ? ದಫ್ತರದಾಗ ಇರಬೇಕ್ರಿ, ಹೊಳೆಪ್ಪಾ, ಹೇಳೋ. ಸಾಹೇಬರು ಅವನ ಕಡೆ ತಿರುಗಿ, ಗೌರವದಿಂದಲೇ ಅಂದರು, ಇಲ್ಲಿ ಕೂಡವರು ನೀವು, ಇಲ್ಲಿ ಒಬ್ಬಾತ ಕ್ಷಯ ಆಗಿ ತೀರಿಕೊಂಡಾನಂತ ಕೇಳೇನಿ, ಹಳೇ ಹುಕುಮಿನ ಕಾಗದ ತಂದ ಕೊಡ್ರಿ, ಅದರ ಬೆನ್ನಿಗೇ ತೆಗೀರಿ ಅಂತ ಬರದು ಸಹಿ ಮಾಡತೇನಿ, ನಾಳೆ ಗವಂಡಿ ಬರತಾನ. ಇಷ್ಟೇ. ಹಳೇ ಹುಕುಮಿಲ್ಲದೆ ಹೊಸ ಹುಕುಮಿಲ್ಲ, ಕಾಗದದ ಬೆನ್ನಿಗೆ ಕಾಗದ, ಇದು ಕಚೇರಿಯ ರೀತಿ, ಇಡೀ ಜಹಗೀರಿಗೆ ಗೊತ್ತು ಹೊಳೆಪ್ಪನ ಕೈಯಲ್ಲಿ ಕಾಗದ ಎಂದೂ ಕಳೆದಿಲ್ಲ, ಬೇರೆಯವರು ಇರುವೆ ಪುಡಿ ಹಾಕಿದರೆ ಇವನು ಪ್ರತಿ ರುಮಾಲಿಗೆ ತಾನೇ ಹುಳ ಹತ್ತದಂತೆ ಬಜೆಬೇರು ಇಡುತ್ತಾನೆ. ಹೋದ, ಮೂಲೆಯ ಕಪಾಟು, ಏಳನೆಯ ರುಮಾಲು, ಗಂಟು ಬಿಚ್ಚಿದ, ಎರಡನೇ ಹಾಳೆಗೇ ಸಿಕ್ಕಿತು, ಅವನದೇ ಅರ್ಜಿ, ಅದರ ಅಂಚಿನಲ್ಲೇ ಹುಕುಮ್, ಮುತ್ತು ಪೋಣಿಸಿದಂಥ ಅಕ್ಷರ, ಮಳೆಯ ನೀರು ಒಳಬಂದು, ಕೆಳಗೆ ಹೆಸರು, ಊರು, ತಾರೀಖು, ಮಸಿ ಒಂದಿಷ್ಟೂ ಮಾಸಿಲ್ಲ. ಇದನ್ನು ಸಾಹೇಬರು ಓದುತ್ತಾರೆ, ಕಾರಭಾರಿಗಳು ಓದುತ್ತಾರೆ, ಪಶ್ಚಿಮದ ಮಳೆ ಇಲ್ಲಿ ಯಾವಾಗ ಒಳಗೆ ಬಂದಿತ್ತಪ್ಪಾ ಅಂತ ಹತ್ತು ಕಾರಕೂನರು ಮುಖ ಮುಖ ನೋಡಿಕೊಳ್ಳುತ್ತಾರೆ, ಜಾಫರಸಾಬ ಕೇಳಿಸಿಕೊಳ್ಳುತ್ತಾನೆ, ಸಂಜೆಯೊಳಗೆ ಪಾರವ್ವನ ಕಿವಿಗೆ, ನಾಳೆ ಅಕ್ಕನ ಕಿವಿಗೆ. ಹೊಳೆಪ್ಪನ ಕೈ ತನ್ನಷ್ಟಕ್ಕೆ ತಾನೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಳಿಸಿತು. ಬಾಯಿಯೂ ಹಾಗೇ, ತನ್ನಷ್ಟಕ್ಕೆ ತಾನೇ — ಸಿಗವಲ್ದ್ರೀ ಸಾಹೇಬ್ರ, ಗೆದ್ದಲ ಹಿಡದೈತ್ರಿ ಆ ರುಮಾಲಿಗೆ. ಸಾಹೇಬರು ಗಡಿಯಾರ ನೋಡಿಕೊಂಡರು. ಹಂಗಾರ ಮುಂದಿನ ತಪಾಸಣೆಗೆ ನೋಡೂಣು, ಸದ್ಯ ಗೋಡೆಗೆ ಸುಣ್ಣ ಹೊಡಸ್ರಿ, ಅಂದು ಮಾಡಿ ಹತ್ತಿದರು, ಮೇಲೆ ಚಹಾ ಫರಾಳ ಕಾದಿತ್ತು. ಮುಂದಿನ ತಪಾಸಣೆ ಅಂದರೆ ಬರುವ ವರ್ಷ, ಬಂದರೆ.

ಮಾಮಾ, ಈಗ ಕೂಡಲ್ರಿ? ಅನ್ನುತ್ತಲೇ ಯಲ್ಲಪ್ಪ ಕೋಟು ಬಿಚ್ಚಿ ತೋಳು ಏರಿಸಿ ರುಮಾಲಿನ ರಾಶಿಯನ್ನು ಎತ್ತಿ ಎತ್ತಿ ಬಾಜೂಕ್ಕೆ ಇಡುತ್ತಿದ್ದಾನೆ, ಒಂದೊಂದು ಕೈಯಲ್ಲಿ ಎರಡೆರಡು, ಎಂಥ ಕಸುವು, ರಾಶಿ ಇಳಿದಂತೆ ಗೋಡೆ ಕಾಣುತ್ತಿದೆ, ಮುಚ್ಚಿದ ಕಿಟಕಿಯ ಗಿಲಾವು, ಅದರ ಮೇಲೆ — ಏನದು — ಕೂತವನ ತಲೆಯ ಎತ್ತರಕ್ಕೆ ಒಂದು ಕಲೆ, ಕಪ್ಪಗೆ, ಜಿಡ್ಡಾಗಿ, ದುಂಡಗೆ, ಔಡಲೆಣ್ಣೆಯ ಕಲೆ, ಕೆಂಚಪ್ಪ ಕೆಮ್ಮಿ ದಣಿದಾಗ ತಲೆ ಆನಿಸುತ್ತಿದ್ದ ಜಾಗ, ಏಳು ವರ್ಷದ ತಲೆ. ಜಾಫರಸಾಬ ಸುಣ್ಣದ ಬುಟ್ಟಿ ತಂದು ಒಂದು ಕೈ ಬಳಿದ, ಕಲೆ ಸುಣ್ಣ ಹಿಡಿಯಲಿಲ್ಲ, ಮತ್ತೊಂದು ಕೈ ಬಳಿದ, ಸುತ್ತಲೂ ಬೆಳ್ಳಗಾಯಿತು, ನಡುವೆ ಅದು ಇನ್ನೂ ಕಪ್ಪಾಯಿತು, ಹೋಗವಲ್ದ್ರೀ ಹೊಳೆಪ್ಪನವರ, ಎಣ್ಣಿ ಕುಡದೈತಿ ಗ್ವಾಡಿ, ಅಂದು ಬುಟ್ಟಿ ಎತ್ತಿಕೊಂಡು ಹೋದ. ಈಗಲಾದರೂ ಏಳಬೇಕು, ಹನ್ನೆರಡು ಮೆಟ್ಟಿಲು, ಸಾಹೇಬರು ಇನ್ನೂ ಮೇಲೇ ಇದ್ದಾರೆ, ಚಹಾದ ಕಪ್ಪು-ಬಸಿಯ ಸಪ್ಪಳ ಕೇಳುತ್ತಿದೆ, ಸಿಕ್ಕತ್ರೀ ಸಾಹೇಬ್ರ ಅಂದರೆ ಮುಗಿಯಿತು, ಬರೆದವನು ನಾನ ರೀ ಅಂದರೆ ಮುಗಿಯಿತು, ಮಾನ ಹೋಗುತ್ತದೆ, ಹೋಗಲಿ, ಹುಕ್ಕೇರಿ ಪೇಟೆಯಲ್ಲಿ ತಲೆ ಎತ್ತಿ ತಿರುಗಲಾಗುವುದಿಲ್ಲ, ಬೇಡ, ಮನೆಯಲ್ಲೇ ಇರೋಣ, ಏಳು, ಏಳೋ ಹೇಸಿ, ಎದೆಯ ಮೇಲೆ ಜೇಬಿನ ಕಾಗದ ಬೆವರಿಗೆ ಅಂಟಿಕೊಂಡಿದೆ, ಮೇಲಿನಿಂದ ಮೆಟ್ಟಿಲಲ್ಲಿ ಬೂಟಿನ ಸಪ್ಪಳ ಇಳಿಯಿತು, ಬಾಗಿಲ ಮುಂದೆ ಹಾದುಹೋಯಿತು, ಮೋಟಾರು ಗುರ್ರೆಂದಿತು, ಇನ್ನೂ ಕೂಗಬಹುದು, ಕೂಗಿದರೆ ಕೇಳಿಸುತ್ತದೆ, ಬೇವಿನ ಗಿಡದವರೆಗೆ ಕೇಳಿಸುತ್ತದೆ, ಹಾದಿಯ ತಿರುವಿನವರೆಗೆ — ಯಲ್ಲಪ್ಪ ಡೆಸ್ಕು ಎಳೆದುಕೊಂಡ, ಚಕ್ಕಳಮಕ್ಕಳ ಹಾಕಿದ, ಟೊಪ್ಪಿಗೆ ತೆಗೆದು ಕುದುರೆಯ ಬಳೆಗೆ ತೂಗುಹಾಕಿದ, ಹಣೆಯ ಬೆವರು ಒರೆಸಿ ಹಿಂದಕ್ಕೆ ಆನಿದ, ತಲೆ ಸರಿಯಾಗಿ ಅಲ್ಲಿಗೇ ಹೋಯಿತು, ಇಷ್ಟು ಅತ್ತ ಇಲ್ಲ, ಇಷ್ಟು ಇತ್ತ ಇಲ್ಲ, ಮಾಮಾ, ಇಲ್ಲಿ ತಂಪ ಐತಿ ನೋಡ್ರಿ, ಅಂದು ನಕ್ಕ, ನಗುತ್ತ ಮುಂದಕ್ಕೆ ಬಾಗಿದಾಗ ಕಲೆ ಕಂಡಿತು, ಹಿಂದಕ್ಕೆ ಆನಿದಾಗ ಮುಚ್ಚಿತು, ಬಾಗಿದ, ಕಲೆ, ದುಂಡಗೆ, ತಲೆಯಷ್ಟೇ, ಹಸಿ ಸುಣ್ಣದ ನಡುವೆ, ಆನಿದ, ಬಾಗಿದ, ಕಲೆ