ಕಂಡಕ್ಟರಿಗೆ ಉಳಿದ ಮಾತು

ಲಕ್ವ ಹೊಡೆದ ಮೇಲೆ ಕಂಡಕ್ಟರಿಗೆ ಉಳಿದದ್ದು ಒಂದೇ ಮಾತು: ರೈಟ್. ತಾಯಿ ಕಲಿಸಿದ ಮಾತೆಲ್ಲ ಹೋಯಿತು, ಕಟ್ಟಿಕೊಂಡವಳ ಹೆಸರೂ ಹೋಯಿತು, ಯಾರದೋ ದೇಶದ ಈ ಇಂಗ್ಲಿಷ್ ಪದ ಮಾತ್ರ ನಾಲಗೆಗೆ ಅಂಟಿಕೊಂಡಿತು. ಬಸ್ಸಿನ ಬಾಗಿಲಲ್ಲಿ ನಿಂತು ಬದುಕಿಡೀ ಕೂಗಿದ್ದು ಅದನ್ನೇ ತಾನೆ? ವಿಧಿಗೂ ಬೇರೆ ಪದ ಹುಡುಕುವ ಪುರಸೊತ್ತಿರಲಿಲ್ಲ ಅಂತ ಕಾಣುತ್ತದೆ.

ಊರವರಿಗೆ ಕೇಳಿಸುತ್ತಿದ್ದದ್ದು ಆ ಒಂದು ಪದ. ಹೆಂಡತಿಗೆ ಅದರಲ್ಲೇ ಇಡೀ ಗಂಡ ಕೇಳಿಸುತ್ತಿದ್ದ. ಗಂಟಲಿನಿಂದ ಎಳೆದು ಹೇಳಿದರೆ ನೀರು ಬೇಕು. ತುಂಡು ಮಾಡಿ ಹೇಳಿದರೆ ಫ್ಯಾನ್ ಹಾಕು. ಬೆನ್ನುಬೆನ್ನಿಗೆ ಎರಡು ಬಂದರೆ, ಈ ನೆಂಟ ಯಾವಾಗ ಏಳುತ್ತಾನೆ ಅಂತ. ಹಲ್ಲು ಕಚ್ಚಿ ಅಂದರೆ ಅಪ್ಪಟ ಬೈಗುಳ. ಇಬ್ಬರೇ ಇದ್ದಾಗ, ಅವಳು ತಲೆ ಬಾಚಿಕೊಳ್ಳುವುದನ್ನು ನೋಡುತ್ತ ಮೆಲ್ಲಗೆ ಅನ್ನುವುದೊಂದಿತ್ತು. ಬಾಗಿಲಾಚೆ ಕೇಳಿಸಿಕೊಂಡ ಮಗಳು ಅದರ ಅರ್ಥ ಕೇಳಿದರೆ ಈ ವಯಸ್ಸಿನಲ್ಲೂ ಅಮ್ಮನ ಮುಖ ಕೆಂಪಾಗುತ್ತಿತ್ತು. ಇನ್ನು, ‘ಬೇಡ’ ಎನ್ನಬೇಕಾದರೆ ಕಣ್ಣು ಮುಚ್ಚಿ, ದನಿ ತಗ್ಗಿಸಿ ಹೇಳುತ್ತಿದ್ದ.

ಇದೆಲ್ಲ ಹೇಗೆ ಗೊತ್ತಾಗುತ್ತದೆ ಅಂತ ಮಗಳಿಗೆ ಆಶ್ಚರ್ಯ, ಒಳಗೊಳಗೇ ಹೊಟ್ಟೆಕಿಚ್ಚು. ನನ್ನ ಹಾಗೆ ಇಷ್ಟು ವರ್ಷ ಬೈಸಿಕೊಂಡು ನೋಡು, ನಿನಗೂ ಗೊತ್ತಾಗುತ್ತದೆ ಅಂತ ಅಮ್ಮ ನಗುತ್ತಿದ್ದಳು.

ಕಾಲಿನ ಗಾಯ ಶುರುವಾದದ್ದು ಬೆರಳ ಸಂದಿಯಲ್ಲಿ. ಸಕ್ಕರೆ ಕಾಯಿಲೆಯ ಮೈ, ಮಾಯಲಿಲ್ಲ. ಪಾದ ಕಪ್ಪಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಮಂಚದ ಪಕ್ಕ ಕೂತು, ಮಂಡಿಯ ಮೇಲಿನಿಂದ ಕಾಲು ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ಮುಟ್ಟುವುದಿಲ್ಲ ಅಂತ ನಿಧಾನವಾಗಿ ಹೇಳಿದರು. ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ.

ಓಡುವ ಬಸ್ಸಿನಲ್ಲಿ ಯಾವ ಕಂಬಿಯನ್ನೂ ಹಿಡಿಯದೆ ನಿಲ್ಲುತ್ತೇನೆ ಅನ್ನುವುದೊಂದೇ ಕಂಡಕ್ಟರ್ ಜೀವಮಾನದಲ್ಲಿ ಕೊಚ್ಚಿಕೊಂಡದ್ದು. ಎಲ್ಲವನ್ನೂ ಕೇಳಿಸಿಕೊಂಡ. ಕಣ್ಣು ಮುಚ್ಚಿದ. ದನಿ ತಗ್ಗಿಸಿ, "ರೈಟ್" ಅಂದ.

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಮಗಳೂ ತಿರುಗಿದಳು. ಅವನು ಕಣ್ಣು ತೆರೆದು ಅವಳನ್ನೇ ನೋಡಿದ. ಇವಳಿದ್ದಾಳೆ, ಹೇಳುತ್ತಾಳೆ ಎಂಬ ನೆಮ್ಮದಿ ಆ ಮುಖದಲ್ಲಿತ್ತು. ಅವಳು ಡಾಕ್ಟರ ಕಡೆ ತಿರುಗಿದಳು.

"ಹೂಂ ಅಂತಿದಾರೆ, ಡಾಕ್ಟ್ರೇ," ಅಂದಳು.

ಅವನು ಮತ್ತೆ ಹೇಳಿದ. ಕಣ್ಣು ಬಿಗಿಯಾಗಿ ಮುಚ್ಚಿ ಮತ್ತೆ ಮತ್ತೆ ಹೇಳಿದ. ಮಂಚ ಅಲುಗಾಡಿತು. ಗಾಬರಿಯಾಗಿದ್ದಾರೆ ಅಷ್ಟೆ, ಬೇಗ ಮುಗಿಸಿ ಅನ್ನುತ್ತಿದ್ದಾರೆ ಅಂತ ಡಾಕ್ಟರಿಗೆ ಹೇಳಿ ಅವಳು ಅವನ ಕೈ ಹಿಡಿದುಕೊಂಡಳು.

ಕಾಲು ಹೋಯಿತು, ಜೀವ ಉಳಿಯಿತು. ನರ್ಸಿಗೆ ರೈಟ್ ಅಂದ. ಪಕ್ಕದ ಮಂಚದವನಿಗೆ ಅಂದ, ಮಗಳಿಗೆ ಅಂದ. ಹೆಂಡತಿಗೆ ಅನ್ನಲಿಲ್ಲ. ಅವಳು ತುತ್ತು ತಂದರೆ ಬಾಯಿ ತೆರೆಯುತ್ತಿದ್ದ, ನೋಟ ಮಾತ್ರ ಕಿಟಕಿಯ ಕಡೆ. ಮನೆಗೆ ಬಂದ ಮೇಲೂ ಅದೇ. ಜೀವವೊಂದು ಉಳಿದರೆ ಸಾಕು ಅಂದುಕೊಂಡವಳಿಗೆ ಸಾಲದೇ ಹೋಯಿತು.

ಒಂದು ಮಧ್ಯಾಹ್ನ ಮಂಚದ ಪಕ್ಕ ನೆಲದ ಮೇಲೆ ಕೂತು, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ನೀವು ಬೇಡ ಅಂದಿದ್ದು ನಂಗೊತ್ತಿತ್ತು ಕಣ್ರೀ. ನೀವಿಲ್ದೆ ನಂಗೆ ಇರೋಕಾಗ್ತಿರ್ಲಿಲ್ಲ. ಹಲ್ಲು ಕಚ್ಚಿ ಒಂದ್ಸಲ ಬೈಯ್ರಿ. ಸಾಕು ನಂಗೆ."

ಅವನು ಬೈಯಲಿಲ್ಲ. ತುಟಿ ಬಿಗಿದುಕೊಂಡು ಗೋಡೆ ನೋಡಿದ.

ಅಷ್ಟರಲ್ಲಿ ಮಗಳು ಒಗೆದ ಬಟ್ಟೆ ಹೊತ್ತು ಒಳಗೆ ಬಂದಳು. ಅವನು ಮಗಳ ಕಡೆ ಮುಖ ತಿರುಗಿಸಿ ರೈಟ್ ಅಂದ. ಮಗಳು ಅಭ್ಯಾಸದಂತೆ ಅಮ್ಮನನ್ನು ನೋಡಿ, ಅಪ್ಪ ಏನಂತಿದ್ದಾರೆ ಅಂತ ಕೇಳಿದಳು.

"ನನ್ನ ಕೇಳ್ಬೇಡ ಮಗಳೇ," ಅಂದಳು. "ನಾನು ಸುಳ್ಳು ಹೇಳ್ತೀನಿ."