ಓಡದ ಕಾರು

ಮೂರನೆಯ ಸಲ ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ನು ಕೆಮ್ಮಿತು, ನಾಲ್ಕನೆಯದಕ್ಕೆ ಹತ್ತಿಕೊಂಡಿತು. ಕೊಟ್ಟಿಗೆಯ ಸೂರಿನಲ್ಲಿದ್ದ ಗುಬ್ಬಚ್ಚಿಗಳೆಲ್ಲ ಒಮ್ಮೆಗೇ ಹಾರಿಹೋದವು. ಆರುಮುಗಂ ಹ್ಯಾಂಡಲ್ ಎಳೆದುಕೊಂಡು ಹಿಂದೆ ಸರಿದು, ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿದ. ಬಂಗಾರಪೇಟೆಯಲ್ಲಿ ಕೆಟ್ಟು ನಿಂತ ಲಾರಿಗಳೆಲ್ಲ ಅವನ ಕೈಗೇ ಬರುತ್ತಿದ್ದವು.

"ಇದಕ್ಕೇನಾಗೈತೆ ಅಂತ ನನ್ನ ಕರೆಸಿದ್ರಿ ಮೇಸ್ತ್ರೀ?" ಅಂದ.

ಕೋದಂಡಪ್ಪ ಕೇಳಿದ್ದು ಒಂದೇ ಮಾತು: ಈ ಕಾರನ್ನು ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕುವುದೋ. ಗುಜರಿಗೆ ಹಾಕಿ ಎಂದು ಬೇರೆಯವರ ಬಾಯಿಂದ ಕೇಳಿಸಿಕೊಳ್ಳಬೇಕೆಂದೇ ಆರುಮುಗಂನನ್ನು ಬ್ಯಾಟರಿ ಸಮೇತ ಕರೆಸಿದ್ದ.

"ಬ್ರೇಕು ನೋಡ್ಬೇಕು, ಟೈರು ಆಕ್ಬೇಕು. ಎಂಟತ್ತು ದಿನದ ಕೆಲ್ಸ. ಬೇರಿಂಗು ಯಾವಾಗ ಆಕಿದ್ದು?"

"ಐವತ್ತೊಂಬತ್ರಲ್ಲಿ."

"ಅವತ್ತೇ ರೋಡಿಗೆ ಇಳೀಬೋದಿತ್ತಲ್ಲ! ನಾಕು ವರ್ಷ ಯಾಕೆ ನಿಲ್ಲಿಸ್ಕೊಂಡ್ರಿ, ಪೂಜೆ ಮಾಡಾಕಾ?"

ಆರುಮುಗಂ ನಕ್ಕ. ಕೋದಂಡಪ್ಪ ಕೈ ಒಳಗೆ ಹಾಕಿ ಇಂಜಿನ್ನು ನಿಲ್ಲಿಸಿದ.

ಏಳು ವರ್ಷದ ಹಿಂದೆ, ಚಿನ್ನದ ಗಣಿ ಸರ್ಕಾರದ ಕೈಗೆ ಬಂದಾಗ, ಊರಿಗೆ ಹೊರಟ ಇಂಗ್ಲಿಷ್ ದೊರೆಗಳು ಮಂಚ, ಪಿಯಾನೊ, ಬೇಟೆನಾಯಿ ಎಲ್ಲ ಮಾರಿ ಹೋಗಿದ್ದರು. ಮೋರಿಗೆ ಗುದ್ದಿ ಮೂತಿ ಜಜ್ಜಿಹೋಗಿದ್ದ ಈ ಕಪ್ಪು ಕಾರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದನ್ನು ಕೋದಂಡಪ್ಪ, ಕುಪ್ಪುಸ್ವಾಮಿ ಇಬ್ಬರೂ ಅರ್ಧರ್ಧ ಹಾಕಿ ಕೊಂಡರು. ಕೋದಂಡಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರು. ಕುಪ್ಪುಸ್ವಾಮಿ ಸುರಂಗದೊಳಗೆ ಬಂಡೆ ಕೊರೆಯುವವನು. ಒಬ್ಬ ರಿಪೇರಿ ಮಾಡುವುದು, ಇನ್ನೊಬ್ಬ ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ಓಡಿಸುವುದು ಎಂದು ಮಾತಾಗಿತ್ತು. ಕುಪ್ಪುಸ್ವಾಮಿ ಡ್ರೈವಿಂಗು ಕಲಿತು ಲೈಸೆನ್ಸನ್ನೂ ಮಾಡಿಸಿಟ್ಟುಕೊಂಡ.

ಭಾನುವಾರ ಬಂತೆಂದರೆ ಅವನು ನಂದಿದುರ್ಗ ಗಣಿಯ ಕೂಲಿಲೈನಿನ ಮನೆಯಿಂದ ಹೊರಟು, ರೈಲು ಹಿಡಿದು, ಬಟ್ಟೆಯ ಚೀಲದಲ್ಲಿ ಯಾವುದಾದರೂ ಒಂದು ಸಾಮಾನು ಹಾಕಿಕೊಂಡು ಕೋದಂಡಪ್ಪನ ಹಳ್ಳಿಗೆ ಬರುತ್ತಿದ್ದ. ಒಂದು ವಾರ ಪ್ಲಗ್ಗು, ಇನ್ನೊಂದು ವಾರ ಫ್ಯಾನ್‌ಬೆಲ್ಟು. ಚೀಲ ಕೆಳಗಿಟ್ಟು, "ಈಗ ಆಗ್ತದಾ ಅಣ್ಣಾ?" ಎಂದು ಕೇಳುತ್ತಿದ್ದ.

"ಗೇರು ಸರಿಯಾಗಿ ಕೂತಿಲ್ಲ ಕಣಯ್ಯಾ. ದಾರೀಲಿ ಕೈಕೊಟ್ರೆ ನಗೆಪಾಟ್ಲು."

ಗೇರು ಸರಿಯಾಗಿಯೇ ಇತ್ತು. ಅದಾದ ಮೇಲೆ ಬಾಗಿಲು, ಬಾಗಿಲಾದ ಮೇಲೆ ಸೀಟಿನ ಸ್ಪ್ರಿಂಗು, ಬಣ್ಣ, ಮತ್ತೆ ಬಣ್ಣ. ವಾರವಿಡೀ ಕೋದಂಡಪ್ಪ ಕಂಪನಿಯ ಪಂಪು, ಕಂಪನಿಯ ರಾಟೆ ಎಂದು ಒದ್ದಾಡಿ ಬರುತ್ತಿದ್ದ. ಕೊಟ್ಟಿಗೆಯಲ್ಲಿದ್ದ ಈ ಒಂದು ವಸ್ತು ಮಾತ್ರ ಅವನು ಹೇಳಿದ ಹಾಗೆ ಕೇಳುತ್ತಿತ್ತು. ಅದು ರಸ್ತೆಗಿಳಿದರೆ ಕಂಡವರೆಲ್ಲ ಹತ್ತುತ್ತಾರೆ, ಸೀಟಿನ ಮೇಲೆ ಎಲೆಅಡಿಕೆ ಉಗುಳುತ್ತಾರೆ, ಚಕ್ರದ ಹಿಂದೆ ಕುಪ್ಪುಸ್ವಾಮಿ ಕೂರುತ್ತಾನೆ. ಹೀಗೆಂದು ಅವನು ಎಂದೂ ಬಿಡಿಸಿ ಯೋಚಿಸಿರಲಿಲ್ಲ. ಇನ್ನೊಂದು ಸ್ವಲ್ಪ ಕೆಲಸವಿದೆ ಎಂದು ಮಾತ್ರ ಅಂದುಕೊಳ್ಳುತ್ತಿದ್ದ.

ಕೊನೆಯ ವರ್ಷ ಕುಪ್ಪುಸ್ವಾಮಿಗೆ ಸ್ಟೇಷನ್ನಿಂದ ನಡೆದು ಬರುವುದಕ್ಕೇ ಉಸಿರು ಸಾಲುತ್ತಿರಲಿಲ್ಲ. ಬಂದವನು ಕಲ್ಲಿನ ಮೇಲೆ ಕೂತು ಕೆಮ್ಮುತ್ತ, ಕೇಳಿದ ಸ್ಪ್ಯಾನರು ಎತ್ತಿ ಕೊಡುತ್ತಿದ್ದ. ಹೋದ ತಿಂಗಳು ತೀರಿಕೊಂಡ. ಕಾರ್ಯವೆಲ್ಲ ಮುಗಿದ ಮೇಲೆ ಅವನ ಹೆಂಡತಿ ಕನಕಮ್ಮ, ಕಾರಿನ ವಿಷಯ ಏನಾದರೂ ಒಂದು ತೀರ್ಮಾನ ಮಾಡಿ ಎಂದು ಹೇಳಿಕಳಿಸಿದ್ದಳು.

ಆರುಮುಗಂ ಬಂದುಹೋದ ಮಾರನೆಯ ದಿನ ಶಿಫ್ಟು ಬಿಟ್ಟ ಮೇಲೆ ಕೋದಂಡಪ್ಪ ಅವಳ ಮನೆಗೆ ಹೋದ. ನಿಜ ಹೇಳಿಬಿಡಬೇಕು, ಕಾರನ್ನು ರಸ್ತೆಗಿಳಿಸಿ ಒಬ್ಬ ಡ್ರೈವರನ್ನಿಟ್ಟು, ಬಂದದ್ದರಲ್ಲಿ ಅರ್ಧ ಅವಳಿಗೆ ಕೊಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಕನಕಮ್ಮ ಚಾಪೆ ಹಾಸಿ, ಕಾಫಿ ಕೊಟ್ಟು, ಬಾಗಿಲ ಹತ್ತಿರ ಕೂತಳು.

"ನಿಮಗೆ ಗೊತ್ತೋ ಇಲ್ವೋ ಅಣ್ಣಾ," ಅಂದಳು. "ನಾಕು ವರ್ಷದ ಹಿಂದೇನೇ ಪೇಟೆ ಡಾಕ್ಟ್ರು ಹೇಳಿದ್ರು, ಎದೆ ತುಂಬ ಧೂಳು ಕೂತೈತೆ, ಇನ್ನು ಒಳಗೆ ಇಳೀಬೇಡ ಅಂತ. ನಾನು ನಮ್ಮೋರ ಕಾಲು ಹಿಡ್ಕೊಂಡೆ. ಮೇಲಿನ ಕೆಲ್ಸ ಕೇಳಿ, ಗಂಜಿ ಕುಡ್ಕೊಂಡಾದ್ರೂ ಇರಾಣ ಅಂದೆ. ಮೇಲಿನ ಕೂಲೀಲಿ ಸಾಮಾನು ತರಾಕಾಗಲ್ಲ, ಕಾರು ಆಗ್ಲಿ ಅಂದ್ರು. ಕಾರು ಆದ ದಿನ ಬಿಟ್ಬಿಡ್ತೀನಿ ಅಂದ್ರು."

ಕೋದಂಡಪ್ಪನಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಲೋಟ ಸುಡುತ್ತಿದ್ದರೂ ಕೆಳಗಿಡಲು ತೋಚಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಅದು ಓಡ್ತಿತ್ತಾ?"

ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಇಲ್ಲ ಕನಕಮ್ಮಾ. ಇಂಜಿನ್ನಿನ ಬ್ಲಾಕೇ ಒಡೆದೋಗಿತ್ತು. ಅದು ಯಾವತ್ತೂ ಓಡೋ ಗಾಡಿ ಆಗಿರ್ಲಿಲ್ಲ."

ಇದರಿಂದ ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದ. ಕನಕಮ್ಮ ಅವನ ಕಡೆಗೆ ಪೂರ್ತಿ ತಿರುಗಿ ಕೂತಳು.

"ಅಂಗಾದ್ರೆ ಓಡದೇ ಇರೋ ಗಾಡಿಗೆ ನಾಕು ವರ್ಷ ಧೂಳು ಕುಡಿದ್ರಾ? ನಿಮಗೆ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ಅವನಿಗಿದ್ದ ಆಸೆ ನೋಡಿ, ಹೇಳಾಕೆ ಬಾಯಿ ಬರ್ಲಿಲ್ಲಮ್ಮಾ."

ಎಷ್ಟು ಸಲೀಸಾಗಿ ಆ ಮಾತು ಬಂತೆಂದರೆ ಅವನಿಗೇ ಹೆದರಿಕೆಯಾಯಿತು. ಕನಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ದು ಮೆತ್ತನೆ ಮನಸ್ಸು," ಅಂದಳು. "ಗುಜರಿಗೆ ಆಕ್ಬಿಡಿ. ಒಡೆಯೋ ದಿನ ನಾನೂ ಬತ್ತೀನಿ. ಒಂದು ಸಲಾನೂ ನಾನದನ್ನ ನೋಡಿಲ್ಲ."

ಅವಳು ಬಂದು ನೋಡಿದರೆ ಒಡೆದ ಬ್ಲಾಕು ಇರಬೇಕಲ್ಲ. ಗುಜರಿಯವನು ಒಳ್ಳೆಯ ಇಂಜಿನ್ನು ಎಂದು ಅವಳೆದುರಿಗೇ ಬಾಯಿ ಬಿಟ್ಟರೆ? ಶನಿವಾರ ಮಧ್ಯಾಹ್ನ ಕೋದಂಡಪ್ಪ ಮನೆಯವರನ್ನೆಲ್ಲ ಹೊಲಕ್ಕೆ ಕಳಿಸಿ, ಬಾನೆಟ್ಟು ಎತ್ತಿ, ದೊಡ್ಡ ಸುತ್ತಿಗೆ ತೆಗೆದುಕೊಂಡ. ಮೊದಲ ಏಟು ಪುಟಿದು ಬಂತು. ಏಳು ವರ್ಷ ಒಂದು ಗೀರೂ ಬೀಳದಂತೆ ಕಾದುಕೊಂಡ ಕೈಗೆ ಹೊಡೆಯುವುದು ಬರುತ್ತಿರಲಿಲ್ಲ. ನಾಲ್ಕನೆಯ ಏಟಿಗೆ ಬ್ಲಾಕಿನ ಎರಕದ ಕಬ್ಬಿಣ ಸೀಳಿ, ತುಕ್ಕು ನೀರು ನೆಲಕ್ಕೆ ಹರಿಯಿತು. ಹೊಸ ಬಿರುಕು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಅದಕ್ಕೆ ಉಪ್ಪುನೀರು ಸುರಿದು, ಮೇಲೆ ಹಳೆಯ ಎಣ್ಣೆ, ಮಸಿ ಬಳಿದ. ಹಳೆಯದರ ಹಾಗೆ ಕಾಣುವವರೆಗೂ ಬಳಿದ. ಅವನ ಕೈಕೆಲಸ ಎಂದೂ ಅಚ್ಚುಕಟ್ಟು.

ಸಂಜೆ ಬ್ಯಾಟರಿ ಒಯ್ಯಲು ಬಂದ ಆರುಮುಗಂ ಬಾನೆಟ್ಟು ಎತ್ತಿ ನೋಡಿ, ಬೆರಳಿನಿಂದ ಮಸಿ ಒರೆಸಿ, ಮತ್ತೆ ಕೋದಂಡಪ್ಪನ ಮುಖ ನೋಡಿದ.

"ಏನ್ ಮೇಸ್ತ್ರೀ ಇದು?"

"ಬಿಡಪ್ಪಾ. ನಿನಗ್ಯಾಕೆ?"

"ಬೇಡಾಂದ್ರೆ ನಾನು ತಗೋತಿದ್ನಲ್ಲ. ಓಡೋ ಜೀವಾನ ಯಾರಾದ್ರೂ ಇಂಗೆ ಕೊಲ್ತಾರಾ?"

ಅವನು ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು, ಹೋಗಿಬರುತ್ತೀನಿ ಎಂದೂ ಹೇಳದೆ ಹೊರಟುಹೋದ.

ಭಾನುವಾರ ಬೆಳಿಗ್ಗೆ ಗುಜರಿ ಮುನಿಸ್ವಾಮಪ್ಪ ಇಬ್ಬರು ಆಳುಗಳನ್ನು ಕರೆದುಕೊಂಡು ಎತ್ತಿನ ಗಾಡಿ ಹೊಡೆದುಕೊಂಡು ಬಂದ. ರೈಲಿಳಿದು ಕನಕಮ್ಮನೂ ಬಂದಳು. ಮುನಿಸ್ವಾಮಪ್ಪ ಬಾನೆಟ್ಟಿನೊಳಗೆ ಬಗ್ಗಿ, "ಅಯ್ಯೋ, ಬ್ಲಾಕು ಓಗ್ಬಿಟ್ಟೈತೆ. ತೂಕದ ಲೆಕ್ಕಾನೇ ಇದು," ಎಂದು ಗೊಣಗಿದ. ಕೋದಂಡಪ್ಪ ಉಸಿರು ಬಿಟ್ಟ. ಕನಕಮ್ಮ ಇಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಕಾರಿನ ಸುತ್ತ ಒಂದು ಸಲ ನಡೆದು ಬಂದಳು.

"ಒಳಗೆ ಕೂತ್ಕೋಬೋದಾ?"

ಕೋದಂಡಪ್ಪ ಬಾಗಿಲು ತೆಗೆದ. ಅವಳು ಚಪ್ಪಲಿ ಹೊರಗೆ ಬಿಟ್ಟು, ಸೀರೆ ಒಟ್ಟುಮಾಡಿಕೊಂಡು, ಡ್ರೈವರ್ ಸೀಟಿನ ಪಕ್ಕದಲ್ಲಿ ಕಾಲು ಜೋಡಿಸಿ ಕೂತಳು. ಬಾಗಿಲನ್ನು ತಾನೇ ಎಳೆದುಕೊಂಡಳು. ಅದು ಟಕ್ ಎಂದು ಹಗುರವಾಗಿ ಕೂತುಕೊಂಡಿತು. ಅವಳು ಅದನ್ನು ತೆರೆದು ಇನ್ನೊಂದು ಸಲ ಹಾಕಿದಳು. ಮತ್ತೆ ಅದೇ ಟಕ್. ಅವಳ ಬೆರಳು ಹಿಡಿಕೆಯ ಹೊಳಪನ್ನು ಸವರಿತು, ಸೀಟಿನ ಬಟ್ಟೆಯನ್ನು, ಒಂದು ಬಿರುಕೂ ಇಲ್ಲದ ಗಾಜನ್ನು.

"ಓಡದೇ ಇರೋ ಗಾಡಿಗೆ ಎಷ್ಟು ಚೆಂದ ಬಾಗ್ಲು ಮಾಡಿದ್ದೀರಾ ಅಣ್ಣಾ," ಅಂದಳು.

ಆಳುಗಳು ಹಾರೆ, ಸುತ್ತಿಗೆ ಹಿಡಿದು ಕಾಯುತ್ತಿದ್ದರು. ಮುನಿಸ್ವಾಮಪ್ಪ ಬೀಡಿ ಹಚ್ಚಿದ. ಕನಕಮ್ಮ ಗಾಜಿನ ಆಚೆ ಕೊಟ್ಟಿಗೆಯ ಮಣ್ಣಿನ ಗೋಡೆಯನ್ನು, ರಸ್ತೆ ನೋಡುವವಳ ಹಾಗೆ ನೋಡುತ್ತ ಕೂತೇ ಇದ್ದಳು. ಬಿಸಿಲು ಏರಿತು. ಇಳಿಯಮ್ಮಾ ಎಂದು ಯಾರೂ ಅನ್ನಲಿಲ್ಲ.