ಸಾವಿರ ಕಾದಂಬರಿ ಓದಿದ ಯಲ್ಲಯ್ಯ

ಅಮೃತೂರು ಬಸ್ ಸ್ಟ್ಯಾಂಡಿನ ಏಜೆಂಟ್ ಯಲ್ಲಯ್ಯ ಸಾವಿರ ಕಾದಂಬರಿ ಓದಿದ್ದಾನೆ. ಅದರಲ್ಲಿ ನಾನೂರನ್ನು ಬಸ್ಸಿನ ಟಾಪಿನ ಮೇಲೆ ಕೂತು ಒಂದೇ ಬೇಸಿಗೆಯಲ್ಲಿ ಮುಗಿಸಿದನಂತೆ. ಅವನೇ ಹೇಳಿದ್ದು. ಅವನು "ಕುಣಿಗಲ್, ಕುಣಿಗಲ್" ಎಂದು ಕೂಗಿದರೆ ತುಮಕೂರಿನಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ. ಅಂಥವನ ಮಾತಿಗೆ ಎದುರಾಡುವವರು ಯಾರು?

ಆ ಯಲ್ಲಯ್ಯ 2004ರ ಜೂನ್‌ನಲ್ಲಿ ಒಂದು ಕಾಗದದ ಮುಂದೆ ತಬ್ಬಿಬ್ಬಾದ. ಐದನೇ ಕ್ಲಾಸಿಗೆ ಸೇರಿದ ಮಗಳು ಮಂಜುಶ್ರೀ ಮೊದಲ ದಿನವೇ ತಂದ ಕಾಗದ. ಅವಳೇ ಓದಿದಳು: "ನಾನು ಶಾಂತಲಾ, ನಿಮ್ಮ ಮಗುವಿನ ಹೊಸ ಟೀಚರ್. ತುಮಕೂರಿನ ಬಟವಾಡಿಯವಳು. ನನಗೆ ಹಾಡಲು ಬರುವುದಿಲ್ಲ, ಕಥೆ ಓದಲು ಬರುತ್ತದೆ. ಈ ವರ್ಷ ನಮ್ಮ ಕ್ಲಾಸು ಮೂರು ಕಾದಂಬರಿ ಓದುತ್ತದೆ. ಒಪ್ಪಿಗೆಯಿದ್ದರೆ ಸಹಿ ಮಾಡಿ."

"ಕಾದಂಬರಿನಾ?" ಹೆಂಡತಿ ಲಕ್ಷ್ಮೀದೇವಮ್ಮ ಒಲೆ ಬಿಟ್ಟು ಎದ್ದು ಬಂದಳು. "ಲವ್ವು ಗಿವ್ವು ಇರ್ತದಲ್ಲ, ಅದಾ? ಪರೀಕ್ಷೇಲಿ ಕೇಳ್ತಾರಾ?"

"ಕೇಳಲ್ವಂತೆ."

"ಮತ್ಯಾಕೆ ಓದ್ಬೇಕು?"

ಮಂಜುಶ್ರೀಗೂ ಗೊತ್ತಿರಲಿಲ್ಲ. ಇಬ್ಬರೂ ಯಲ್ಲಯ್ಯನ ಮುಖ ನೋಡಿದರು. ಅವನಿಗಂತೂ ತಲೆ ಬುಡ ತಿಳಿಯಲಿಲ್ಲ.

"ಸಾವಿರ ಓದಿದೋನು ಹೇಳ್ತಾ ಇದೀನಿ, ಬ್ಯಾಡ ಬುಡು," ಎಂದ.

"ಸಹಿ ಇಲ್ದೋರಿಗೆ ಪುಸ್ತಕ ಇಲ್ಲ ಕಣಪ್ಪ. ಎಲ್ರೂ ಓದೋವಾಗ ನಾನೊಬ್ಳೆ ಕಾಪಿ ಬರೀತಾ ಕೂರ್ಬೇಕು." ಮಂಜುಶ್ರೀಯ ಕಣ್ಣು ತುಂಬಿತ್ತು.

ಮಾರನೆಯ ಬೆಳಿಗ್ಗೆ ಶಾಂತಲಾ ಬಸ್ಸಿಳಿಯುತ್ತಲೇ ಯಲ್ಲಯ್ಯ ಅಡ್ಡ ನಿಂತ.

"ಮೇಡಮ್ನೋರೆ, ಸಾವಿರ ಕಾದಂಬರಿ ಓದಿ ಹೇಳ್ತಿದೀನಿ. ಮಕ್ಕಳು ಕೆಟ್ಟೋಯ್ತವೆ. ಪರೀಕ್ಷೆಗೂ ಬರದ್ದು ಯಾಕೆ?"

"ಪಾಠ ಓದೋ ಮಗು ಕಷ್ಟದ ಪದ ಬಂದ್ರೆ ನಿಂತುಬಿಡುತ್ತೆ. ಮುಂದೇನಾಯ್ತು ಅಂತ ಓದೋ ಮಗು ಅದನ್ನೂ ದಾಟುತ್ತೆ. ಆಮೇಲೆ ಯಾವ ಪುಸ್ತಕ ಕೊಟ್ರೂ ಹೆದರಲ್ಲ." ಶಾಂತಲಾ ಚೀಲದಿಂದ ಒಂದು ತೆಳು ಪುಸ್ತಕ ತೆಗೆದು ಕೊಟ್ಟಳು. "ಇದು ಮಕ್ಕಳಿಗೇ ಬರೆದದ್ದು. ಮೊದ್ಲು ನೀವೇ ಓದಿ. ಕೆಡಿಸೋ ಮಾತು ಒಂದಿದ್ರೂ ಕ್ಲಾಸಿಗೆ ತರಲ್ಲ."

ಎರಡು ದಿನ ಪುಸ್ತಕ ಯಲ್ಲಯ್ಯನ ಕಂಕುಳಲ್ಲೇ ಇತ್ತು. ರಟ್ಟಿನ ಚಿತ್ರದಲ್ಲಿ ತಲೆ ಮೇಲೆ ಕಂಬಳಿ ಹೊದ್ದ ಯಾರೋ ಕೆರೆ ಏರಿಯ ಮೇಲೆ ಓಡುತ್ತಿದ್ದರು.

"ಏನ್ಲಾ, ಮುಗೀತಾ?" ಎಂದು ಟೀ ಅಂಗಡಿ ಶಿವರಾಮಯ್ಯ ಕೇಳಿದರೆ, "ಮೊದಲ್ನೇ ದಿನಾನೇ," ಎನ್ನುತ್ತಿದ್ದ.

ಮೂರನೆಯ ದಿನ ಹತ್ತು ಜನರ ಮುಂದೆ ಶಾಂತಲಾಳಿಗೆ ಪುಸ್ತಕ ಹಿಂದಿರುಗಿಸಿದ. "ಹುಡುಗಿ ಮನೆ ಬುಟ್ಟು ಓಡೋಯ್ತಾಳಲ್ಲ ಮೇಡಮ್ನೋರೆ, ಇದನ್ನ ಓದುಸ್ತೀರಾ?"

ಈಗ ಗೊಂದಲ ಶಾಂತಲಾಳದು. "ಯಾವ ಹುಡುಗಿ ಯಲ್ಲಯ್ಯನವ್ರೆ? ಇದ್ರಲ್ಲಿ ಓಡಿಹೋಗೋದು ಎಮ್ಮೆಕರು. ಹಿಂದೆ ಓಡೋದು ಅಜ್ಜ."

ಶಿವರಾಮಯ್ಯನ ಕೈಯ ಟೀ ಚೆಲ್ಲಿತು, ಇಡೀ ಬಸ್ ಸ್ಟ್ಯಾಂಡ್ ನಕ್ಕಿತು. ಶಾಂತಲಾ ನಗಲಿಲ್ಲ. ಪುಸ್ತಕವನ್ನು ಮತ್ತೆ ಅವನ ಕೈಗಿಟ್ಟು, "ಸಂಜೆ ಮಗಳ ಕೈಲಿ ಓದಿಸಿ ಕೇಳಿ," ಎಂದಷ್ಟೇ ಹೇಳಿದಳು.

ಸಂಜೆ ಮಂಜುಶ್ರೀ ಬೆರಳಿಟ್ಟು, ತಡವರಿಸುತ್ತ ಓದಿದಳು. ಕರು ಕೆರೆ ಕೋಡಿಯ ಕೆಸರಿನಲ್ಲಿ ಸಿಕ್ಕಿಕೊಂಡಿತು. ಅಜ್ಜ ಕಂಬಳಿ ಎಸೆದ. ಅಲ್ಲೊಂದು ಒತ್ತಕ್ಷರದ ಪದ ಬಂದು ಅವಳು ನಿಂತಳು. "ನೀನು ಓದಪ್ಪ," ಎಂದು ಪುಸ್ತಕ ಚಾಚಿದಳು.

"ಬೇಗ ಓದ್ರಿ, ಕರು ಏನಾಯ್ತು?" ಎಂದಳು ಲಕ್ಷ್ಮೀದೇವಮ್ಮ. ಒಲೆಯ ಮೇಲೆ ಸಾರು ಸೀಯುತ್ತಿತ್ತು.

ಯಲ್ಲಯ್ಯ ಪುಸ್ತಕವನ್ನು ಮಗಳ ಕಡೆಗೇ ತಳ್ಳಿದ.

"ನಂಗೆ ಓದಕ್ಕೆ ಬರಲ್ಲ ಕಣವ್ವ," ಎಂದ. "ಸಾವಿರ ಅಲ್ಲ, ಒಂದೂ ಓದಿಲ್ಲ. ಬಸ್ಸಿನ ಬೋರ್ಡೂ ಅಷ್ಟೇ, ಬಣ್ಣ ನೋಡಿ ಕೂಗ್ತೀನಿ. ನೀನೇ ಕೂಡಿಸ್ಕೊಂಡು ಓದವ್ವ. ಕರು ಉಳೀತಾ, ಅಷ್ಟ್ ಹೇಳು."

ಮಂಜುಶ್ರೀ ಕೂಡಿಸಿಕೊಂಡು ಓದಿದಳು. ಕರು ಉಳಿಯಿತು. ಯಲ್ಲಯ್ಯ ಟೀಚರ ಕಾಗದ ತರಿಸಿ, ತನಗೆ ಬರೆಯಲು ಬರುವ ಮೂರೇ ಅಕ್ಷರವನ್ನು, ತನ್ನ ಹೆಸರನ್ನು, ಅದರ ಕೆಳಗೆ ಬರೆದ.

ನಿಮ್ಮ ಮಗುವೂ ಶಾಲೆಯಿಂದ ಕಥೆಪುಸ್ತಕ ತಂದರೆ, ಪರೀಕ್ಷೆಗೆ ಬರುವುದಿಲ್ಲವೆಂದು ಎತ್ತಿಡಬೇಡಿ. ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದಿಸಿ. ನಿಮಗೆ ಓದು ಬರದಿದ್ದರೂ ಚಿಂತೆಯಿಲ್ಲ, ಪಕ್ಕದಲ್ಲಿ ಕೂತು ಕೇಳಿ.

ಇನ್ನು, ಯಲ್ಲಯ್ಯನ ಕೂಗಿಗೆ ತುಮಕೂರಿನ ಮಗು ಏಳುತ್ತದೆ ಎಂದದ್ದು ಸುಳ್ಳು. ಆ ಕೂಗು ಶಿವರಾಮಯ್ಯನ ಅಂಗಡಿ ದಾಟುವುದಿಲ್ಲ. ಕರುವಿಗಾಗಿ ಆ ಮನೆಯಲ್ಲಿ ಸಾರು ಸೀದದ್ದು ಮಾತ್ರ ನಿಜ.